ಭೋಜನ ವಿರಾಮದ ಭೂವಿಜ್ಞಾನ

ನಮ್ಮ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ಯಾವುದೇ ಪ್ರಾದೇಶಿಕ ಭೂವಿಜ್ಞಾನ ಸಮ್ಮೇಳನದ ಆಹ್ವಾನ ಪತ್ರಿಕೆಯನ್ನು ಕೈಗೆತ್ತಿಕೊಳ್ಳಿ. ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ವಿಶೇಷ ಆಹ್ವಾನಿತರು ಎಂಬ ಹೆಸರುಗಳ ಸಾಲು ಮೊದಲ ಪುಟವನ್ನು ತುಂಬಿರುತ್ತದೆ. ಅನಂತರ ಅಂತರ್ಜಲ, ಭೂಕುಸಿತ, ಖನಿಜ ಶೋಧ, ಶಿಲಾಶಾಸ್ತ್ರ ಎಂದು ವಿಂಗಡಿಸಿದ ಗೋಷ್ಠಿಗಳ ವಿವರ ಬರುತ್ತದೆ. ಇವುಗಳ ನಡುನಡುವೆ ಸಣ್ಣ ಅಕ್ಷರಗಳಲ್ಲಿ ‘ಚಹಾ ವಿರಾಮ’, ‘ಭೋಜನ ವಿರಾಮ’, ‘ಸಾಂಸ್ಕೃತಿಕ ಕಾರ್ಯಕ್ರಮ ಮತ್ತು ರಾತ್ರಿಯೂಟ’ ಎಂಬ ನಮೂದುಗಳು ಇಣುಕುತ್ತವೆ. ವಿರಾಮವೆಂದರೆ ಕೆಲಸ ನಿಂತ ಹೊತ್ತು ಎಂಬುದು ಸಂಘಟಕರ ಗ್ರಹಿಕೆ. ಸಾರ್ವಜನಿಕ ಹಣದಲ್ಲಿ ವಿದ್ವಾಂಸರು ಉಂಡು ತಿರುಗಾಡುವ ಹೊತ್ತು ಎಂಬುದು ಹೊರಗಿನವರ ಗ್ರಹಿಕೆ. ಮೂರು ದಶಕಗಳಿಂದ ಇಂತಹ ಸಮ್ಮೇಳನಗಳಿಗೆ ಹೋಗಿ ಬರುತ್ತಿರುವ ನನಗೆ ಈ ಎರಡೂ ಗ್ರಹಿಕೆಗಳು ಒಪ್ಪಿಗೆಯಾಗಿಲ್ಲ. ಸಮ್ಮೇಳನವೊಂದರಿಂದ ನಾಡಿಗೆ ಏನಾದರೂ ಪ್ರಯೋಜನ ದೊರೆಯುವುದಿದ್ದರೆ ಅದು ದೊರೆಯುವುದು ಬಹುಪಾಲು ಆ ಸಣ್ಣ ಅಕ್ಷರಗಳ ಹೊತ್ತಿನಲ್ಲಿಯೇ.

ಇದಕ್ಕೆ ಭೂವಿಜ್ಞಾನದ ಚರಿತ್ರೆಯೇ ಸಾಕ್ಷಿ. 1950ರ ಏಪ್ರಿಲ್ 5ರಂದು ಅಮೆರಿಕದ ಸಿಲ್ವರ್ ಸ್ಪ್ರಿಂಗ್ ಎಂಬ ಊರಿನಲ್ಲಿ ಭೌತವಿಜ್ಞಾನಿ ಜೇಮ್ಸ್ ವ್ಯಾನ್ ಆಲನ್ ಅವರ ಮನೆಯಲ್ಲಿ ಒಂದು ರಾತ್ರಿಯೂಟ ಏರ್ಪಟ್ಟಿತ್ತು. ಬ್ರಿಟನ್ನಿನ ಭೂಭೌತವಿಜ್ಞಾನಿ ಸಿಡ್ನಿ ಚಾಪ್‌ಮನ್ ಅಲ್ಲಿ ಅತಿಥಿ. ಊಟದ ನಂತರದ ಹರಟೆಯಲ್ಲಿ ಲಾಯ್ಡ್ ಬರ್ಕ್‌ನರ್ ಎಂಬ ವಿಜ್ಞಾನಿ, ಹಿಂದೆ ಎರಡು ಬಾರಿ ನಡೆದಿದ್ದ ‘ಧ್ರುವ ವರ್ಷ’ದಂತೆ ಮೂರನೆಯದನ್ನೂ ಏಕೆ ನಡೆಸಬಾರದು ಎಂದು ಕೇಳಿದರು. ಆ ಮಾತು ಬೆಳೆದು 1957ರ ಜುಲೈನಿಂದ 1958ರ ಡಿಸೆಂಬರ್‌ವರೆಗೆ ನಡೆದ ಅಂತರರಾಷ್ಟ್ರೀಯ ಭೂಭೌತ ವರ್ಷವಾಯಿತು. ಶೀತಲ ಸಮರದ ಆ ಕಾಲದಲ್ಲಿ ಅರವತ್ತಕ್ಕೂ ಹೆಚ್ಚು ರಾಷ್ಟ್ರಗಳು ಅದರಲ್ಲಿ ಕೈಜೋಡಿಸಿದವು. ಮೊದಲ ಕೃತಕ ಉಪಗ್ರಹಗಳು ಹಾರಿದ್ದು, ಭೂಮಿಯನ್ನು ಸುತ್ತುವರಿದ ವಿಕಿರಣ ಪಟ್ಟಿಗಳು ಪತ್ತೆಯಾದದ್ದು ಆ ಅವಧಿಯಲ್ಲಿಯೇ. 1959ರ ಅಂಟಾರ್ಕ್ಟಿಕ ಒಪ್ಪಂದಕ್ಕೂ ಅದೇ ಹಾದಿ ಮಾಡಿಕೊಟ್ಟಿತು.

ಇನ್ನೊಂದು ಪ್ರಸಂಗ ಸಮ್ಮೇಳನದ ಪಡಸಾಲೆಯದು. ಸಾಗರತಳವು ನಡುಏಣುಗಳ ಬಳಿ ಹುಟ್ಟಿ ಎರಡೂ ಬದಿಗೆ ಸರಿಯುತ್ತದೆ, ಭೂಕಾಂತದ ದಿಕ್ಕು ಆಗಾಗ ತಿರುವುಮುರುವಾದದ್ದರ ಗುರುತು ಅಲ್ಲಿನ ಶಿಲೆಗಳಲ್ಲಿ ಪಟ್ಟೆಪಟ್ಟೆಯಾಗಿ ಉಳಿಯುತ್ತದೆ ಎಂಬ ಊಹೆಯನ್ನು ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ 1963ರಲ್ಲಿ ಪ್ರಕಟಿಸಿದ್ದರು. ಆದರೆ ಪಟ್ಟೆಗಳ ಅಗಲಕ್ಕೂ ತಿರುವುಮುರುವಿನ ಕಾಲಪಟ್ಟಿಗೂ ಸರಿಯಾದ ತಾಳೆ ಸಿಗುತ್ತಿರಲಿಲ್ಲ. 1965ರ ನವೆಂಬರಿನಲ್ಲಿ ಕ್ಯಾನ್ಸಾಸ್ ಸಿಟಿಯಲ್ಲಿ ನಡೆದ ಅಮೆರಿಕದ ಭೂವಿಜ್ಞಾನ ಸಂಘದ ಸಭೆಗೆ ವೈನ್ ಹೋಗಿದ್ದರು. ಶಿಲೆಗಳ ವಯಸ್ಸು ಅಳೆಯುವ ಬ್ರೆಂಟ್ ಡಾಲ್ರಿಂಪಲ್ ಅಲ್ಲಿ ಭೇಟಿಯಾಗಿ, ಸುಮಾರು ಒಂಬತ್ತು ಲಕ್ಷ ವರ್ಷಗಳ ಹಿಂದಿನ ಮತ್ತೊಂದು ಅಲ್ಪಕಾಲದ ತಿರುವು ತಮ್ಮ ತಂಡಕ್ಕೆ ಸಿಕ್ಕಿದೆಯೆಂದು ಮಾತಿನ ನಡುವೆ ತಿಳಿಸಿದರು. ಅದಿನ್ನೂ ಅಚ್ಚಾಗಿರಲಿಲ್ಲ. ಅದೊಂದನ್ನು ಸೇರಿಸಿದೊಡನೆ ಲೆಕ್ಕ ಕೂಡಿಬಂತು. ಇಂದು ಶಾಲಾ ಮಕ್ಕಳೂ ಓದುವ ಭೂಫಲಕ ಸಿದ್ಧಾಂತದ ಬಲವಾದ ಪುರಾವೆಗಳಲ್ಲಿ ಒಂದು ಹೀಗೆ ಗಟ್ಟಿಗೊಂಡಿತು.

ಇದೇ ಕಥೆಗೆ ಇನ್ನೊಂದು ಮಗ್ಗುಲಿದೆ. ವೈನ್ ಮತ್ತು ಮ್ಯಾಥ್ಯೂಸರ ಊಹೆಯನ್ನೇ ಕೆನಡಾದ ಲಾರೆನ್ಸ್ ಮಾರ್ಲಿ ಸ್ವತಂತ್ರವಾಗಿ ಕಂಡುಕೊಂಡು ಅದೇ 1963ರಲ್ಲಿ ಎರಡು ಪತ್ರಿಕೆಗಳಿಗೆ ಕಳುಹಿಸಿದ್ದರು. ಎರಡೂ ಹಿಂತಿರುಗಿಸಿದವು. ಇಂತಹ ಊಹಾಪೋಹ ಪಾನಗೋಷ್ಠಿಯ ಹರಟೆಗೆ ತಕ್ಕುದೇ ಹೊರತು ಗಂಭೀರ ಪ್ರಕಟಣೆಗೆ ತಕ್ಕುದಲ್ಲ ಎಂಬರ್ಥದ ಷರಾವನ್ನು ಪರಿಶೀಲಕರೊಬ್ಬರು ಬರೆದಿದ್ದರು. ಬೈಗುಳವಾಗಿ ಬರೆದ ಆ ಮಾತಿನಲ್ಲಿ ಪರಿಶೀಲಕರಿಗೇ ಗೊತ್ತಿಲ್ಲದ ಸತ್ಯವೊಂದು ಅಡಗಿತ್ತು. ಪ್ರಬಂಧದಲ್ಲಿ ಹೇಳಲು ಸಂಕೋಚಪಡುವ ಅರೆಬೆಂದ ವಿಚಾರವನ್ನು ಮನುಷ್ಯ ಮೊದಲು ಹೇಳಿ ನೋಡುವುದು ಎದುರು ಕುಳಿತು ಉಣ್ಣುವವನ ಬಳಿ. ಅವನು ನಕ್ಕರೆ ನಷ್ಟವಿಲ್ಲ, ಅವನ ಕಣ್ಣರಳಿದರೆ ಮುಂದುವರಿಯಲು ಧೈರ್ಯ ಬರುತ್ತದೆ.

ಹಾಗಾದರೆ ಆ ಊಟದ ಮೇಜಿನಲ್ಲಿ ಯಾರಿಗೆ ಜಾಗವಿದೆ ಎಂಬುದು ಸಣ್ಣ ಪ್ರಶ್ನೆಯಾಗಿ ಉಳಿಯುವುದಿಲ್ಲ. ಜಗತ್ತಿನ ಅತಿ ಹಳೆಯ ಭೂವಿಜ್ಞಾನ ಸಂಘವಾದ ಲಂಡನ್ನಿನ ಜಿಯಲಾಜಿಕಲ್ ಸೊಸೈಟಿ ಹುಟ್ಟಿದ್ದು 1807ರ ನವೆಂಬರ್ 13ರಂದು, ಫ್ರೀಮೇಸನ್ಸ್ ಟ್ಯಾವರ್ನ್ ಎಂಬ ಭೋಜನಗೃಹದಲ್ಲಿ. ಹದಿಮೂರು ಮಂದಿ ಗಂಡಸರು ಕೂಡಿ ಉಂಡು ಮಾತನಾಡುವ ಕೂಟವಾಗಿ ಅದು ಮೊದಲಾಯಿತು. ಇಂಗ್ಲೆಂಡಿನ ಕಡಲತೀರದ ಲೈಮ್ ರೀಜಿಸ್‌ನಲ್ಲಿ ಬಂಡೆಗಳ ನಡುವೆ ಪಳೆಯುಳಿಕೆಗಳನ್ನು ಹೆಕ್ಕುತ್ತಿದ್ದ ಮೇರಿ ಆನಿಂಗ್ ಎಂಬ ಬಡ ಹೆಣ್ಣುಮಗಳು ಪ್ಲೀಸಿಯೋಸಾರ್ ಎಂಬ ಪ್ರಾಚೀನ ಜಲಚರದ ಅಸ್ಥಿಪಂಜರವನ್ನು ಹೊರತೆಗೆದಳು. 1824ರಲ್ಲಿ ಆ ಸಂಘದಲ್ಲಿ ಅದರ ಬಗ್ಗೆ ವಿದ್ವತ್ಪೂರ್ಣ ಚರ್ಚೆ ನಡೆದಾಗ ಆಕೆಗೆ ಅಲ್ಲಿ ಪ್ರವೇಶವಿರಲಿಲ್ಲ. ಮಹಿಳೆಯರನ್ನು ಸಂಘದ ಸದಸ್ಯರನ್ನಾಗಿ ಸೇರಿಸಿಕೊಂಡದ್ದು 1919ರಲ್ಲಿ. ಒಂದು ಶತಮಾನಕ್ಕೂ ಹೆಚ್ಚು ಕಾಲ ಆ ಮೇಜು ತನಗೆ ತಿಳಿಯದಿದ್ದುದನ್ನು ತಿಳಿದವರನ್ನು ಹೊರಗಿಟ್ಟೇ ಊಟ ಮಾಡಿತು.

ನಮ್ಮಲ್ಲಿ ನಿಯಮದ ಬಾಗಿಲುಗಳೇನೋ ತೆರೆದಿವೆ. ಆದರೆ ರೂಢಿಯ ಬಾಗಿಲುಗಳು ಇನ್ನೂ ಅರ್ಧ ಮುಚ್ಚಿಯೇ ಇವೆ. ನಾನು ಕಂಡ ಸಮ್ಮೇಳನಗಳಲ್ಲಿ ಗಣ್ಯರಿಗೊಂದು ಊಟದ ಕೋಣೆ, ಪ್ರತಿನಿಧಿಗಳಿಗೊಂದು ಶಾಮಿಯಾನ, ವಿದ್ಯಾರ್ಥಿಗಳಿಗೆ ಕೊನೆಯ ಪಂಕ್ತಿ ಎಂಬ ವಿಂಗಡಣೆ ಸಾಮಾನ್ಯ. ಸಂಶೋಧನಾ ವಿದ್ಯಾರ್ಥಿಗಳು ಸ್ವಯಂಸೇವಕರ ಬ್ಯಾಡ್ಜ್ ಧರಿಸಿ ನೀರಿನ ಬಾಟಲಿ ಹಂಚುತ್ತ, ಶಾಲು ಹೊತ್ತ ತಟ್ಟೆ ಹಿಡಿದು ನಿಲ್ಲುತ್ತ ಎರಡು ದಿನ ಕಳೆಯುತ್ತಾರೆ. ಒಂದು ಸಮ್ಮೇಳನದಲ್ಲಿ ರಾತ್ರಿಯೂಟವನ್ನು ಆವರಣದಿಂದ ಬಲುದೂರದ ಹೋಟೆಲಿನಲ್ಲಿ ಇಟ್ಟಿದ್ದರು. ವಿದ್ಯಾರ್ಥಿಗಳ ನೋಂದಣಿ ಶುಲ್ಕದಲ್ಲಿ ಅದು ಸೇರಿರಲಿಲ್ಲ. ಬಯಲುಸೀಮೆಯ ತಾಲ್ಲೂಕೊಂದರ ಕೊಳವೆಬಾವಿಗಳ ನೀರಿನ ಮಟ್ಟವನ್ನು ಎರಡು ವರ್ಷ ಸೈಕಲ್ಲಿನಲ್ಲಿ ಸುತ್ತಿ ಅಳೆದಿದ್ದ ಹುಡುಗಿಯೊಬ್ಬಳು ಅಂದು ರಾತ್ರಿ ಹಾಸ್ಟೆಲಿನಲ್ಲಿ ಉಂಡಳು. ಅದೇ ತಾಲ್ಲೂಕಿನ ಅಂತರ್ಜಲದ ಹೊಣೆ ಹೊತ್ತಿದ್ದ ಅಧಿಕಾರಿ ಹೋಟೆಲಿನಲ್ಲಿ ಉಂಡರು. ಅವರಿಬ್ಬರೂ ಪರಸ್ಪರ ಭೇಟಿಯಾಗಲೇ ಇಲ್ಲ. ಆಕೆಯ ಪ್ರಬಂಧಕ್ಕೆ ಗೋಷ್ಠಿಯಲ್ಲಿ ಸಿಕ್ಕಿದ್ದು ಹತ್ತು ನಿಮಿಷ. ಅಷ್ಟು ಹೊತ್ತಿಗೆ ಅಧಿಕಾರಿಗಳು ಉದ್ಘಾಟನೆ ಮುಗಿಸಿ ಸಭಾಂಗಣದಿಂದ ಹೊರಟಿದ್ದರು.

ಭೇಟಿಯಾಗಿದ್ದರೆ ಏನಾಗುತ್ತಿತ್ತು ಎಂದು ಕೇಳಬಹುದು. ಬಹುಶಃ ಏನೂ ಆಗುತ್ತಿರಲಿಲ್ಲ. ಆದರೆ ಭೂವಿಜ್ಞಾನವು ಪ್ರಯೋಗಾಲಯದ ನಾಲ್ಕು ಗೋಡೆಗಳ ನಡುವೆ ಮುಗಿಯುವ ಶಾಸ್ತ್ರವಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಬೆಟ್ಟಗಳು ಜರಿದವು. 2024ರ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಪಕ್ಕದ ಗುಡ್ಡ ಕುಸಿದು ರಸ್ತೆಯಲ್ಲಿದ್ದವರನ್ನು ಗಂಗಾವಳಿ ನದಿಗೆ ನೂಕಿತು. ಎರಡು ವಾರ ಕಳೆದು ಜುಲೈ 30ರಂದು ವಯನಾಡಿನಲ್ಲಿ ಊರುಗಳೇ ಮಣ್ಣುಪಾಲಾದವು. ಪ್ರತಿ ದುರಂತದ ನಂತರವೂ ನಾವು ಕೇಳುವ ಮಾತು ಒಂದೇ: ಇಳಿಜಾರಿನ ಸ್ವಭಾವ ಬಲ್ಲವರನ್ನು ಮೊದಲೇ ಕೇಳಬೇಕಿತ್ತು. ಬಲ್ಲವರು ಇದ್ದಾರೆ. ಜಿಲ್ಲಾ ಕೇಂದ್ರದ ಕಾಲೇಜಿನ ಅಧ್ಯಾಪಕರಿಗೆ ತಮ್ಮ ಊರಿನ ಜಂಬಿಟ್ಟಿಗೆಯ ಪದರ ಎಷ್ಟು ದಪ್ಪವಿದೆ, ಅದರಡಿಯ ಜೇಡಿ ಮಳೆಗೆ ಹೇಗೆ ಜಾರುತ್ತದೆ ಎಂಬುದು ಗೊತ್ತಿರುತ್ತದೆ. ರಸ್ತೆಗಾಗಿ ಗುಡ್ಡವನ್ನು ಎಷ್ಟು ಕಡಿದಾಗಿ ಕತ್ತರಿಸಬೇಕೆಂದು ನಿರ್ಧರಿಸುವ ಎಂಜಿನಿಯರರಿಗೆ ಆ ಅಧ್ಯಾಪಕರ ಹೆಸರೇ ಗೊತ್ತಿರುವುದಿಲ್ಲ. ಕಡತಗಳ ಮೂಲಕ ಇವರಿಬ್ಬರ ಪರಿಚಯವಾಗುವ ಸಂಭವ ಕಡಿಮೆ. ಇಬ್ಬರೂ ಒಂದೇ ಸೂರಿನಡಿ ಬರುವ ಅಪರೂಪದ ಸಂದರ್ಭವೇ ಪ್ರಾದೇಶಿಕ ಸಮ್ಮೇಳನ. ಮಳೆಗಾಲದ ರಾತ್ರಿಯೊಂದರಲ್ಲಿ ಗುಡ್ಡದ ಮೇಲೆ ಬಿರುಕು ಕಂಡಿತೆಂಬ ಸುದ್ದಿ ಬಂದಾಗ ಯಾರಿಗೆ ಫೋನ್ ಮಾಡಬೇಕೆಂಬುದು ಗೊತ್ತಿರುವುದು, ಹಿಂದೆಂದೋ ಜತೆಗೆ ಕುಳಿತು ಉಂಡ ನೆನಪಿನಿಂದ. ಅಂತಹ ಒಂದು ಫೋನ್ ಕರೆಯ ಬೆಲೆ ನೂರು ಸ್ಮರಣಿಕೆಗಳಿಗಿಂತ ಹೆಚ್ಚು.

ಪರದೆಯ ಮೂಲಕವೇ ಇದನ್ನೆಲ್ಲ ಮಾಡಬಹುದಲ್ಲ ಎನ್ನುವವರಿಗೆ ಒಂದು ನಿದರ್ಶನ ಕೊಡಬಹುದು. 1964ರ ನಂತರ ಎರಡನೆಯ ಬಾರಿಗೆ ಅಂತರರಾಷ್ಟ್ರೀಯ ಭೂವಿಜ್ಞಾನ ಮಹಾಧಿವೇಶನ 2020ರ ಮಾರ್ಚಿನಲ್ಲಿ ದೆಹಲಿಯಲ್ಲಿ ನಡೆಯಬೇಕಿತ್ತು. ಕೋವಿಡ್ ಕಾರಣದಿಂದ ಅದು ಮುಂದಕ್ಕೆ ಹೋಗುತ್ತ, ಕೊನೆಗೆ 2022ರ ಮಾರ್ಚಿನಲ್ಲಿ ಅಂತರಜಾಲದ ಮೂಲಕವಷ್ಟೇ ಜರುಗಿತು. ಉಪನ್ಯಾಸಗಳು ಎಲ್ಲಿ ಕುಳಿತವರಿಗೂ ತಲುಪಿದವು. ಪ್ರಯಾಣದ ವೆಚ್ಚ ಭರಿಸಲಾರದವರಿಗೆ ಅದು ವರವೇ ಸರಿ. ಆದರೆ ಕ್ಷೇತ್ರ ಪ್ರವಾಸಕ್ಕೆಂದು ಈ ಉಪಖಂಡಕ್ಕೆ ಬರಬೇಕಿದ್ದವರು ನಮ್ಮ ಶಿಲೆಗಳನ್ನು ಮುಟ್ಟಲಿಲ್ಲ, ನಮ್ಮ ವಿದ್ಯಾರ್ಥಿಗಳು ಅವರೊಂದಿಗೆ ಬಸ್ಸಿನಲ್ಲಿ ಕೂರಲಿಲ್ಲ.

ಬಸ್ಸಿನ ಮಾತು ಬಂದುದರಿಂದ ಹೇಳಬೇಕು: ಭೂವಿಜ್ಞಾನಿಗಳ ಸಾಮಾಜಿಕ ಕಾರ್ಯಕ್ರಮಗಳಲ್ಲೆಲ್ಲ ಅತ್ಯಂತ ಪ್ರಜಾಸತ್ತಾತ್ಮಕವಾದದ್ದು ಕ್ಷೇತ್ರ ಪ್ರವಾಸ. ಕನಕಪುರದ ಬಳಿಯ ಕಬ್ಬಾಳದುರ್ಗದ ಕಲ್ಲುಗಣಿಯನ್ನು ನೋಡಲು ಜಗತ್ತಿನ ನಾನಾ ಕಡೆಯಿಂದ ಶಿಲಾತಜ್ಞರು ಬಂದಿದ್ದಾರೆ. ಬೂದುಬಣ್ಣದ ನೈಸ್ ಶಿಲೆಯು ಅಲ್ಲಲ್ಲಿ ಕಡುಹಸಿರು ಛಾಯೆಯ ಚಾರ್ನೊಕೈಟ್ ಆಗಿ ಮಾರ್ಪಡುತ್ತಿದ್ದ ಹಂತದಲ್ಲಿಯೇ ನಿಂತುಬಿಟ್ಟಿರುವುದನ್ನು ಅಲ್ಲಿ ಬರಿಗಣ್ಣಿನಿಂದ ಕಾಣಬಹುದು. ನಮ್ಮವರೇ ಆದ ಸಿ.ಎಸ್. ಪಿಚಮುತ್ತು ಇದನ್ನು 1960ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಂತಹ ಬಂಡೆಯ ಮುಂದೆ ನಿಂತಾಗ ಹಿರಿಯ ಪ್ರಾಧ್ಯಾಪಕರೂ ಮೊದಲ ವರ್ಷದ ವಿದ್ಯಾರ್ಥಿಯೂ ಒಂದೇ ಮಸೂರಕ್ಕೆ ಬಾಗಬೇಕು. ಎಲ್ಲರ ಕೈಯಲ್ಲೂ ಅದೇ ಪುಳಿಯೋಗರೆಯ ಪೊಟ್ಟಣ, ಎಲ್ಲರ ತಲೆಯ ಮೇಲೂ ಅದೇ ಬಿಸಿಲು. ಗೋಷ್ಠಿಯಲ್ಲಿ ಬಾಯಿ ಬಿಡದ ಹುಡುಗ ಅಲ್ಲಿ ‘ಸರ್, ಇದು ಹಾಗಿರಲಾರದು’ ಎಂದದ್ದನ್ನು ನಾನು ಕೇಳಿದ್ದೇನೆ. ದುರದೃಷ್ಟವೆಂದರೆ, ಪ್ರತ್ಯೇಕ ಶುಲ್ಕವಿಟ್ಟು ಬಡ ವಿದ್ಯಾರ್ಥಿಗಳನ್ನು ಮೊದಲು ಕೈಬಿಡುವುದು ಈ ಪ್ರವಾಸದಿಂದಲೇ.

ಊಟ-ಪ್ರವಾಸಗಳ ಬಗ್ಗೆ ಮಾತನಾಡುವಾಗ ಇನ್ನೊಂದು ವಿಷಯವನ್ನು ಮುಚ್ಚಿಡಲಾಗದು. ರಾತ್ರಿ ತಡವಾಗಿ ಅತಿಥಿಗೃಹದ ಕೋಣೆಗಳಲ್ಲಿ ನಡೆಯುವ ಪಾನಗೋಷ್ಠಿಗಳಲ್ಲಿಯೇ ಯೋಜನೆಗಳ ಹಂಚಿಕೆ, ನೇಮಕಾತಿಯ ಸುಳಿವುಗಳ ವಿನಿಮಯ ಆಗುವುದಾದರೆ, ಅಲ್ಲಿಗೆ ಹೋಗಲಾರದ ಅಥವಾ ಹೋಗಬಯಸದ ಮಹಿಳೆಯರ ಪಾಲಿಗೆ ಆ ಬಾಗಿಲು ಮುಚ್ಚಿದಂತೆಯೇ. ಹೋದವರಿಗೆ ಎಂತಹ ಅನುಭವವಾಗುತ್ತದೆ ಎಂಬುದು ಮತ್ತೂ ಗಂಭೀರ ಪ್ರಶ್ನೆ. ಅಮೆರಿಕದ ಭೂಭೌತವಿಜ್ಞಾನ ಒಕ್ಕೂಟವು 2017ರಲ್ಲಿ ಲೈಂಗಿಕ ಕಿರುಕುಳವನ್ನು ವೈಜ್ಞಾನಿಕ ದುರ್ನಡತೆಯ ಸಾಲಿಗೇ ಸೇರಿಸಿತು. ನಮ್ಮ 2013ರ ಕಾಯ್ದೆಯ ಪ್ರಕಾರವೂ ಉದ್ಯೋಗದ ನಿಮಿತ್ತ ಹೋಗುವ ಯಾವುದೇ ಸ್ಥಳ, ಅದಕ್ಕಾಗಿ ಉದ್ಯೋಗದಾತರು ಒದಗಿಸಿದ ವಾಹನವೂ ಸೇರಿದಂತೆ, ಕೆಲಸದ ಸ್ಥಳವೇ. ಕ್ಷೇತ್ರ ಪ್ರವಾಸದ ಬಸ್ಸೂ ಔತಣದ ಅಂಗಳವೂ ಇದರ ಹೊರಗಿಲ್ಲವೆಂಬುದನ್ನು ಆಹ್ವಾನ ಪತ್ರಿಕೆಯಲ್ಲಿಯೇ ಮುದ್ರಿಸಿ, ದೂರು ಕೊಡಬೇಕಾದವರ ಹೆಸರನ್ನೂ ಸೂಚಿಸುವ ಸಮ್ಮೇಳನಗಳು ಎಷ್ಟಿವೆ?

ಸುಧಾರಣೆಗೆ ಹೆಚ್ಚಿನ ಹಣವೇನೂ ಬೇಡ. ಶಾಲು, ಹಾರ, ಫಲತಾಂಬೂಲ, ಸ್ಮರಣಿಕೆಗಳ ಬಾಬತ್ತಿನಲ್ಲಿ ಉಳಿತಾಯ ಮಾಡಿದರೆ ವಿದ್ಯಾರ್ಥಿಗಳ ಊಟ ಮತ್ತು ಪ್ರವಾಸದ ಶುಲ್ಕಕ್ಕೆ ಸಾಕಷ್ಟು ನೆರವಾಗುತ್ತದೆ. ಎರಡು ಗಂಟೆಯ ಉದ್ಘಾಟನೆಯನ್ನು ಅರ್ಧ ಗಂಟೆಗೆ ಇಳಿಸಿ, ಉಳಿದ ಹೊತ್ತನ್ನು ಭಿತ್ತಿಪತ್ರಗಳ ಮುಂದೆ ಚಹಾ ಹಿಡಿದು ಮಾತನಾಡಲು ಕೊಡಬಹುದು. ಗಣ್ಯರ ಊಟದ ಕೋಣೆಯನ್ನು ರದ್ದುಮಾಡಿ, ಪ್ರತಿ ಮೇಜಿನಲ್ಲೂ ಒಬ್ಬ ಹಿರಿಯ, ಒಬ್ಬ ಇಲಾಖಾಧಿಕಾರಿ, ಒಂದಿಬ್ಬರು ವಿದ್ಯಾರ್ಥಿಗಳು ಕೂರುವಂತೆ ಏರ್ಪಾಟು ಮಾಡಬಹುದು. ಔತಣವನ್ನು ರಾತ್ರಿಯ ಬದಲು ಸಂಜೆಗೆ, ದೂರದ ಹೋಟೆಲಿನ ಬದಲು ಸಭಾಂಗಣದ ಅಂಗಳಕ್ಕೆ ತರಬಹುದು. ಸ್ಥಳೀಯ ಶಾಲೆಗಳ ವಿಜ್ಞಾನ ಶಿಕ್ಷಕರನ್ನೂ, ನೆಲದಡಿಯ ಪದರಗಳನ್ನು ದಿನನಿತ್ಯ ಕಾಣುವ ಕೊಳವೆಬಾವಿ ಕೊರೆಯುವವರನ್ನೂ ಒಂದು ಸಂಜೆಗಾದರೂ ಕರೆದು ಕನ್ನಡದಲ್ಲಿ ಮಾತನಾಡಬಹುದು. ಬೆಂಗಳೂರಿನಲ್ಲಿ ಸಮ್ಮೇಳನ ನಡೆದರೆ ದೂರ ಹೋಗಬೇಕಾದ ಅಗತ್ಯವೂ ಇಲ್ಲ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿತವಾಗಿರುವ ಲಾಲ್‌ಬಾಗಿನ ಬಂಡೆ, ಸುಮಾರು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದು, ಊರ ನಡುವೆಯೇ ಇದೆ. ವಾಯುವಿಹಾರಕ್ಕೆ ಬರುವ ನಾಗರಿಕರನ್ನೂ ಜತೆಗೂಡಿಸಿಕೊಂಡು ಅಲ್ಲೊಂದು ಮುಂಜಾನೆ ಕಳೆದರೆ ಯಾರೂ ಬೇಡವೆನ್ನುವುದಿಲ್ಲ.

1958ರಲ್ಲಿ ಭಾರತೀಯ ಭೂವಿಜ್ಞಾನ ಸಂಘ ಬೆಂಗಳೂರಿನಲ್ಲಿ ಸ್ಥಾಪನೆಯಾಯಿತು. ದಶಕಗಳ ಕಾಲ ಅದನ್ನು ಬೆಳೆಸಿದ ಬಿ.ಪಿ. ರಾಧಾಕೃಷ್ಣ ಭೂವಿಜ್ಞಾನದ ಜತೆಗೆ ಕನ್ನಡದಲ್ಲೂ ಬರೆದವರು. ವಿದ್ವತ್ತು ಜನರಿಂದ ದೂರ ಸರಿಯಬಾರದೆಂದು ಬಗೆದವರು. ಅಂತಹ ಪರಂಪರೆಯಿರುವ ನಾಡಿನಲ್ಲಿ ಸಮ್ಮೇಳನಗಳು ಪ್ರಮಾಣಪತ್ರ ಹಂಚುವ ಸಮಾರಂಭಗಳಾಗಿ ಸೊರಗಬಾರದು. ವಿಶ್ವವಿದ್ಯಾಲಯಗಳೂ ಅನುದಾನ ನೀಡುವ ಸಂಸ್ಥೆಗಳೂ ಇನ್ನು ಮುಂದೆ ಮಂಡನೆಯಾದ ಪ್ರಬಂಧಗಳ ಸಂಖ್ಯೆಯನ್ನಷ್ಟೇ ಕೇಳದೆ, ಈ ಸಮ್ಮೇಳನದಲ್ಲಿ ಯಾರು ಯಾರೊಂದಿಗೆ ಕುಳಿತು ಉಂಡರು, ಯಾರು ಹೊರಗುಳಿದರು ಎಂದೂ ಕೇಳಲಿ. ಮುಂದಿನ ಮಳೆಗಾಲ ಬರುವ ಮುನ್ನ ಉತ್ತರ ಸಿದ್ಧವಿರುವುದು ಒಳ್ಳೆಯದು.