ನಾಯಿಯ ಮುಖದಲ್ಲಿ ಅಪರಾಧವನ್ನು ಓದುವವರು

ಚಪ್ಪಲಿ ಹರಿದುಬಿದ್ದಿದೆ, ನಾಯಿ ಕಿವಿ ಮಡಚಿ, ತಲೆ ತಗ್ಗಿಸಿ ಮೂಲೆ ಸೇರಿದೆ. ‘ತಪ್ಪು ಮಾಡಿದ್ದು ಅದಕ್ಕೇ ಗೊತ್ತು, ಮುಖ ನೋಡಿದರೆ ತಿಳಿಯದೆ?’ ಎಂದು ಮನೆಯ ಯಜಮಾನರು ಕೋಲೆತ್ತುತ್ತಾರೆ. ವಿಚಾರಣೆ, ಸಾಕ್ಷ್ಯ, ತೀರ್ಪು ಎಲ್ಲವೂ ಒಂದೇ ನೋಟದಲ್ಲಿ ಮುಗಿಯಿತು! ಈ ನ್ಯಾಯದಾನ ಎಷ್ಟು ಟೊಳ್ಳೆಂಬುದು 2009ರಲ್ಲಿಯೇ ಬಯಲಾಗಿದೆ.

ನ್ಯೂಯಾರ್ಕಿನ ಬರ್ನಾರ್ಡ್ ಕಾಲೇಜಿನ ಅಲೆಕ್ಸಾಂಡ್ರಾ ಹೊರೊವಿಟ್ಜ್ ಅವರು ಆ ವರ್ಷ 14 ನಾಯಿಗಳ ಮೇಲೆ ನಡೆಸಿದ ಪರೀಕ್ಷೆಯನ್ನು ಪ್ರಕಟಿಸಿದರು. ತಿನಿಸನ್ನು ಮುಟ್ಟಬಾರದೆಂದು ಅಪ್ಪಣೆಯಿತ್ತು ಒಡೆಯರು ಹೊರಗೆ ಹೋಗುವರು. ಮರಳಿದಾಗ ನಾಯಿ ತಿಂದಿತೋ ಇಲ್ಲವೋ ಎಂಬುದನ್ನು ಅವರಿಗೆ ಹೇಳಲಾಗುವುದು. ಕೆಲವೊಮ್ಮೆ ನಿಜ, ಕೆಲವೊಮ್ಮೆ ಸುಳ್ಳು. ಆ ‘ಅಪರಾಧಿ ಮುಖ’ಕ್ಕೂ ನಾಯಿ ಎಸಗಿದ ತಪ್ಪಿಗೂ ಸಂಬಂಧವೇ ಕಾಣಲಿಲ್ಲ. ಒಡೆಯರು ಗದರಿದಾಗ ಅದು ಮೂಡಿತು. ಅಷ್ಟೇ ಅಲ್ಲ, ಅಪ್ಪಣೆಯನ್ನು ಪಾಲಿಸಿಯೂ ಬೈಸಿಕೊಂಡ ನಾಯಿಯಲ್ಲಿಯೇ ಅದು ಹೆಚ್ಚಾಗಿ ಕಂಡಿತು. ಯಜಮಾನರು ನಾಯಿಯ ಮುಖದಲ್ಲಿ ಓದಿದ್ದು ತಮ್ಮದೇ ಕೋಪವನ್ನು.

ಹಾಗಾದರೆ ಪ್ರಾಣಿಗೆ ಸ್ವಭಾವವೆಂಬುದೇ ಇಲ್ಲ, ಅದೆಲ್ಲ ಮನುಷ್ಯನ ಕಲ್ಪನೆ ಎನ್ನುವ ಪಂಡಿತರೂ ಇದ್ದಾರೆ. ಅವರ ವಾದವೂ ನಿಲ್ಲುವಂಥದಲ್ಲ. 2003ರಲ್ಲಿ ಸ್ಯಾಮ್ ಗಾಸ್ಲಿಂಗ್ ಮತ್ತು ಸಂಗಡಿಗರು ನಾಯಿಗಳ ಸ್ವಭಾವದ ಬಗ್ಗೆ ಒಡೆಯರು ಹೇಳಿದ್ದನ್ನು ಅಪರಿಚಿತ ವೀಕ್ಷಕರು ಕಂಡದ್ದರೊಡನೆ ಹೋಲಿಸಿದರು. ಮನುಷ್ಯರ ವಿಷಯದಲ್ಲಿ ಎಷ್ಟು ಹೊಂದಾಣಿಕೆ ಇರುವುದೋ ಹೆಚ್ಚುಕಡಿಮೆ ಅಷ್ಟೇ ಇಲ್ಲಿಯೂ ಇತ್ತು. ಅಂಜುಬುರುಕ ನಾಯಿ ಉಂಟು, ಪುಂಡ ನಾಯಿಯೂ ಉಂಟು. ಬಹುಕಾಲ ಕಂಡು, ಇನ್ನೊಬ್ಬರ ಕಣ್ಣಿನಿಂದಲೂ ಪರೀಕ್ಷಿಸಿ ಪಡೆದ ತಿಳಿವು ಒಂದು. ಕೋಪದ ಕ್ಷಣದಲ್ಲಿ ಹೊರಡಿಸಿದ ತೀರ್ಪು ಮತ್ತೊಂದು.

ತಳಿಯ ಹೆಸರು ಕೇಳಿಯೇ ಗುಣ ಹೇಳುವವರ ಮಾತಂತೂ ಇನ್ನೂ ಹಗುರ. 18,000ಕ್ಕೂ ಹೆಚ್ಚು ನಾಯಿಗಳ ಕುರಿತು 2022ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ನಾಯಿ ನಾಯಿಗಳ ನಡುವಿನ ವರ್ತನೆಯ ವ್ಯತ್ಯಾಸದಲ್ಲಿ ತಳಿಯಿಂದ ವಿವರಿಸಬಹುದಾದ ಪಾಲು ಸುಮಾರು ಶೇಕಡಾ 9 ಮಾತ್ರ. ಆದರೂ 2024ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಇಪ್ಪತ್ತಕ್ಕೂ ಹೆಚ್ಚು ತಳಿಗಳನ್ನು ಹೆಸರಿಸಿ ನಿಷೇಧದ ಸುತ್ತೋಲೆ ಹೊರಡಿಸಿತು. ಸಂಬಂಧಪಟ್ಟವರನ್ನು ಕೇಳದೆ ಹೊರಡಿಸಿದ ಅದನ್ನು ಕರ್ನಾಟಕ ಹೈಕೋರ್ಟು ಮರು ತಿಂಗಳೇ ರದ್ದುಪಡಿಸಿತು.

ನಾಯಿಗೆ ಬೀಳುವ ಪೆಟ್ಟು ಸಣ್ಣದೆನ್ನುವವರು ತಮ್ಮ ಮನೆಯ ಬೇರೆ ತೀರ್ಪುಗಳನ್ನೂ ನೆನೆಯಲಿ. ಉಂಗುರ ಕಾಣೆಯಾದ ದಿನ ಮನೆಗೆಲಸದ ಹುಡುಗಿಯನ್ನು ನಾಲ್ವರು ಸುತ್ತುವರಿದು ಕೇಳುತ್ತಾರೆ. ಅವಳು ತಡವರಿಸುತ್ತಾಳೆ, ತಲೆ ತಗ್ಗಿಸುತ್ತಾಳೆ. ‘ಮುಖವೇ ಹೇಳುತ್ತದೆ’ ಎಂದು ಅವಳ ಲೆಕ್ಕ ಚುಕ್ತಾ ಮಾಡಿ ಕಳುಹಿಸುತ್ತಾರೆ. ವಾರದ ಮೇಲೆ ಉಂಗುರ ಹಾಸಿಗೆಯ ಸಂದಿಯಲ್ಲಿ ಸಿಕ್ಕರೂ, ಅವಳ ಮನೆಯ ದಾರಿ ಯಾರಿಗೂ ನೆನಪಾಗುವುದಿಲ್ಲ.