ಕಡಲ ತಳದ ಬೂಷ್ಟು: ಮೊದಲು ಎಣಿಸಿ, ಆಮೇಲೆ ಅಗೆಯಿರಿ

ಪೆದ್ದಹರಿವಾಣದ ಕಟ್ಟೆ ಮೇಲೆ ಕುಂತು ಸಮುದ್ರದ ಮಾತು ತೆಗೆದರೆ ‘ನಮಗೂ ಅದಕ್ಕೂ ಏನಪ್ಪಾ ಸಂಬಂಧ?’ ಅಂತ ಕೇಳುವವರೇ ಹೆಚ್ಚು. ಸಂಬಂಧ ಇದೆ. ಶೇಂಗಾ ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದರೆ ಹಸಿರು ಬೂಷ್ಟು ಹಿಡಿದು ಕಾಳು ವಿಷವಾಗುತ್ತದಲ್ಲ, ಆಸ್ಪರ್‌ಜಿಲ್ಲಸ್ ಎಂಬ ಆ ಶಿಲೀಂಧ್ರದ ಬಳಗದವೇ ಹಿಂದೂ ಮಹಾಸಾಗರದ ಸುಮಾರು 5,000 ಮೀಟರ್ ಆಳದ ಕೆಸರಿನಲ್ಲೂ ಸಿಕ್ಕಿವೆ.

ಹುಡುಕಿದವರು ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಚಂದ್ರಲತಾ ರಘುಕುಮಾರ್, ಸಮೀರ್ ದಾಮರೆ ಮತ್ತು ಸಂಗಡಿಗರು. 2006ರಲ್ಲಿ ಅದು ಪ್ರಕಟವಾಯಿತು. ಅಲ್ಲಿ ಬಿಸಿಲಿಲ್ಲ, ಕೊರೆಯುವ ಚಳಿ, ನಾವಿರುವ ಗಾಳಿಯ 500 ಪಟ್ಟು ಒತ್ತಡ. ಅಂಥಲ್ಲಿ ಬದುಕುವ ಜೀವಿ ತನ್ನೊಳಗೆ ಬೇರೆಯದೇ ರಾಸಾಯನಿಕ ಕಟ್ಟಿಕೊಂಡಿರಬಹುದು. ತಣ್ಣೀರಿನಲ್ಲೂ ಕೆಲಸ ಮಾಡುವ ಕಿಣ್ವವೊಂದು ಆ ಶಿಲೀಂಧ್ರಗಳಲ್ಲಿ ಆಗಲೇ ದೊರೆತಿದೆ.

ಔಷಧಿಯೂ ಹೀಗೇ ಬಂದದ್ದು. ಪೆನಿಸಿಲಿನ್ ಬೂಷ್ಟಿನದು. ಸೆಫಲೊಸ್ಪೊರಿನ್ ಮಾತ್ರೆ, ಇಂಜೆಕ್ಷನ್‌ಗಳ ಮೂಲ, 1945ರಲ್ಲಿ ಬ್ರೊಟ್ಜು ಎಂಬ ವೈದ್ಯರು ಇಟಲಿಯ ಸಾರ್ಡೀನಿಯಾ ದ್ವೀಪದ ಕಡಲತೀರದಲ್ಲಿ, ಚರಂಡಿ ನೀರು ಸೇರುವ ಕಡೆ ಕಂಡ ಶಿಲೀಂಧ್ರ. ಈಗ ಹಳೆಯ ಔಷಧಿಗಳಿಗೆ ರೋಗಾಣುಗಳು ಜಗ್ಗುತ್ತಿಲ್ಲ. ಹೊಸದು ಬೇಕೇ ಬೇಕು.

ತೊಡಕು ಇಲ್ಲಿದೆ. ಅದೇ ಸಾಗರತಳದಲ್ಲಿ ಮ್ಯಾಂಗನೀಸ್, ನಿಕ್ಕಲ್, ತಾಮ್ರ, ಕೋಬಾಲ್ಟ್ ತುಂಬಿದ ಉಂಡೆಗಳು ಬಿದ್ದಿವೆ. 75,000 ಚದರ ಕಿಲೋಮೀಟರ್‌ನಲ್ಲಿ ಅವನ್ನು ಹುಡುಕಲು ಭಾರತ 2002ರಲ್ಲೇ ಒಪ್ಪಂದ ಮಾಡಿಕೊಂಡಿದೆ. 2021ರಲ್ಲಿ ಒಪ್ಪಿಗೆ ಪಡೆದ 4,077 ಕೋಟಿ ರೂಪಾಯಿಯ ಆಳಸಾಗರ ಯೋಜನೆಯಲ್ಲಿ ಉಂಡೆ ಎತ್ತುವ ಯಂತ್ರವೂ ಇದೆ, ಜೀವಿಗಳ ಅಧ್ಯಯನವೂ ಇದೆ. ಎರಡರಲ್ಲಿ ಮುಂದೆ ಯಾವುದು ಅನ್ನೋದೇ ಪ್ರಶ್ನೆ.

ಲೋಹ ಬೇಡ ಅನ್ನುವ ಹಟ ನಮ್ಮದಲ್ಲ. ಬ್ಯಾಟರಿಗೆ ಅದೂ ಬೇಕು. ಆದರೆ ಆ ಉಂಡೆ ಕೆಲವೇ ಮಿಲಿಮೀಟರ್ ಬೆಳೆಯಲು ಹತ್ತು ಲಕ್ಷ ವರ್ಷ ಹಿಡಿಯುತ್ತದೆ. ಒಮ್ಮೆ ಕೆಸರು ಕಲಕಿದರೆ ಹಿಂದಿನಂತೆ ಮಾಡಲು ಯಾರಿಂದಲೂ ಆಗದು.

ಈ ಪಾಠ ನಮಗೆ ಹೊಸದಲ್ಲ. 1953ರವರೆಗೆ ಆದೋನಿ ತಾಲೂಕು ಬಳ್ಳಾರಿ ಜಿಲ್ಲೆಯದೇ. ಆ ಬಳ್ಳಾರಿಯಲ್ಲಿ ಅಗೆಯೋದು ಮೊದಲು, ಲೆಕ್ಕ ಆಮೇಲೆ ಅಂತ ಹೋಗಿ ಏನಾಯ್ತು? 2011ರಲ್ಲಿ ಸುಪ್ರೀಂ ಕೋರ್ಟೇ ಗಣಿ ನಿಲ್ಲಿಸಬೇಕಾಯಿತು. ಅಲ್ಲಿ ಧೂಳು ಕಣ್ಣಿಗಾದರೂ ಕಂಡಿತು. ಕಡಲ ತಳದಲ್ಲಿ ನೋಡೋರು ಯಾರು?

ಅದಕ್ಕೇ ಯಂತ್ರ ಇಳಿಸುವ ಮುನ್ನ ಆ ಕೆಸರಿನ ಶಿಲೀಂಧ್ರಗಳನ್ನು ತೆಗೆದು, ಬೆಳೆಸಿ, ಸರ್ಕಾರಿ ಸಂಗ್ರಹದಲ್ಲಿ ಕಾಪಿಡಲಿ. ಲೆಕ್ಕ ಜನರ ಮುಂದಿಡಲಿ. ನಾಳಿನ ಔಷಧಿ ಅದರಲ್ಲೇ ಇದ್ದರೆ, ತಿಳಿಯುವ ಮೊದಲೇ ಕಳಕೊಂಡವರು ನಾವಾಗಬಾರದು.