ಪಟ್ಟಿಯೊಳಗಿನ ಪಟ್ಟಿಗೆ ಒಂದೇ ನಿಯಮ

ಜಿಲ್ಲೆಯೊಳಗೆ ತಾಲ್ಲೂಕು, ತಾಲ್ಲೂಕಿನೊಳಗೆ ಹೋಬಳಿ, ಹೋಬಳಿಯೊಳಗೆ ಗ್ರಾಮ. ಈ ಏರ್ಪಾಡು ದಾವಣಗೆರೆ, ಹರಿಹರಗಳ ಮಕ್ಕಳಿಗೆ ಹೊಸದಲ್ಲ. ಕಂಪ್ಯೂಟರ್ ವಿದ್ಯಾರ್ಥಿಗಳನ್ನು ಕಾಡುವ 'ಪಟ್ಟಿಯೊಳಗಿನ ಪಟ್ಟಿ'ಯೂ ಇದೇ ಬಗೆಯದು.

ಜಿಲ್ಲೆಯ ಸರ್ಕಾರಿ ಜಮೀನಿನ ವಿಸ್ತೀರ್ಣ ಎಕರೆಗಳಲ್ಲಿದೆ, ಅದನ್ನು ಗುಂಟೆಗೆ ಪರಿವರ್ತಿಸಬೇಕು ಎಂದಿಟ್ಟುಕೊಳ್ಳಿ. ಎಕರೆಗೆ 40 ಗುಂಟೆ. ಪ್ರತಿ ಸಂಖ್ಯೆಯನ್ನು 40ರಿಂದ ಗುಣಿಸುವುದೇ ಇಲ್ಲಿನ ಫಂಕ್ಷನ್. ಹರಿಹರ ತಾಲ್ಲೂಕಿನ ಮಲೇಬೆನ್ನೂರು, ದಾವಣಗೆರೆ ತಾಲ್ಲೂಕಿನ ಆನಗೋಡು, ಮಾಯಕೊಂಡ ಹೋಬಳಿಗಳ ಲೆಕ್ಕಕ್ಕೆ ಒಂದರೊಳಗೊಂದು ಮೂರು ಲೂಪ್ ಬರೆದರೆ ಸಾಕು. ಆದರೆ ದಾವಣಗೆರೆ ನಗರದ ಲೆಕ್ಕ ವಾರ್ಡುವಾರು ಇದ್ದರೆ ಅಲ್ಲಿ ಒಂದು ಹಂತ ಕಡಿಮೆ. ಮೂರನೆಯ ಲೂಪಿಗೆ ಪಟ್ಟಿಯ ಬದಲು ಬರಿಯ ಸಂಖ್ಯೆ ಸಿಕ್ಕಿ ಪ್ರೋಗ್ರಾಮ್ ನಿಂತುಬಿಡುತ್ತದೆ.

ಪರಿಹಾರ ಎರಡು ಸಾಲಿನ ನಿಯಮ. ಸಿಕ್ಕಿದ್ದು ಸಂಖ್ಯೆಯಾದರೆ ಗುಣಿಸು. ಪಟ್ಟಿಯಾದರೆ ಅದರ ಪ್ರತಿ ಅಂಶಕ್ಕೂ ಇದೇ ನಿಯಮ ಅನ್ವಯಿಸಿ, ಉತ್ತರಗಳನ್ನು ಅದೇ ಕ್ರಮದಲ್ಲಿ ಪಟ್ಟಿ ಮಾಡು. ನಿಯಮ ತನ್ನನ್ನೇ ಕರೆಯುವ ಈ ವಿಧಾನವೇ ರಿಕರ್ಶನ್. ಆಗ [[2, 3], [[1, 4], 5]] ಎಂಬುದು [[80, 120], [[40, 160], 200]] ಆಗುತ್ತದೆ. ಆವರಣಗಳು ಇದ್ದಲ್ಲೇ ಇರುತ್ತವೆ.

ಪಟ್ಟಿಗಳನ್ನೂ ರಿಕರ್ಶನ್ನನ್ನೂ ಆಧಾರವಾಗಿಸಿಕೊಂಡ ಲಿಸ್ಪ್ ಭಾಷೆಯನ್ನು ಜಾನ್ ಮೆಕಾರ್ಥಿ 1960ರ ಲೇಖನದಲ್ಲಿ ವಿವರಿಸಿದರು. ಇಂದಿನ ಪೈಥಾನ್ ಭಾಷೆಯ 'ಮ್ಯಾಪ್' ಮೇಲಿನ ಒಂದು ಹಂತವನ್ನಷ್ಟೇ ಮುಟ್ಟುತ್ತದೆ. ಒಳಪಟ್ಟಿ ಎದುರಾದಾಗ 40ರಿಂದ ಗುಣಿಸಿದರೆ ಪೈಥಾನ್ ತಪ್ಪೆಂದು ಹೇಳುವುದಿಲ್ಲ. ಆ ಪಟ್ಟಿಯನ್ನೇ 40 ಸಲ ನಕಲು ಮಾಡಿ ಕೊಡುತ್ತದೆ! ನಿಂತುಹೋಗುವ ಪ್ರೋಗ್ರಾಮಿಗಿಂತ ಸದ್ದಿಲ್ಲದೆ ತಪ್ಪು ಲೆಕ್ಕ ಕೊಡುವ ಪ್ರೋಗ್ರಾಮೇ ಅಪಾಯಕಾರಿ.

ಎಲ್ಲ ಸಂಖ್ಯೆಗಳನ್ನು ಒಂದೇ ಸಾಲಿಗೆ ಹರಡಿ ಗುಣಿಸುವವರೂ ಇದ್ದಾರೆ. ಗುಣಾಕಾರ ಸರಿಯಾದರೂ ಯಾವುದು ಹರಿಹರದ್ದು, ಯಾವುದು ದಾವಣಗೆರೆಯದು ಎಂಬುದು ಅಳಿಸಿಹೋಗುತ್ತದೆ.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಹರಿಹರವು ಚಿತ್ರದುರ್ಗದಿಂದ ಇತ್ತ ಬಂತು. ಅಂದು ಇದೇ ಜಿಲ್ಲೆಗೆ ಸೇರಿದ್ದ ಹರಪನಹಳ್ಳಿ ಇಂದು ವಿಜಯನಗರ ಜಿಲ್ಲೆಯಲ್ಲಿದೆ. ಇಂಥ ಬದಲಾವಣೆಗೆ ಪಟ್ಟಿಯನ್ನು ತಿದ್ದಿದರೆ ಸಾಕು, ನಿಯಮವನ್ನು ಮುಟ್ಟಬೇಕಿಲ್ಲ.

ವಿದ್ಯಾರ್ಥಿಗಳು ಇದನ್ನು ಮೊದಲು ಕಾಗದದ ಮೇಲೆ ಮಾಡಿ ನೋಡುವುದು ಒಳ್ಳೆಯದು. ಕಂಪ್ಯೂಟರ್ ಬಾರದ ಪೋಷಕರೂ ಒಂದು ಪ್ರಶ್ನೆ ಕೇಳಬಹುದು: "ಪಟ್ಟಿ ಖಾಲಿ ಇದ್ದರೆ ಉತ್ತರವೇನು?" 'ಖಾಲಿ ಪಟ್ಟಿಯೇ' ಎಂದು ಕಾರಣ ಸಹಿತ ಹೇಳಿದರೆ ಮಗುವಿಗೆ ಪಾಠ ಅರ್ಥವಾಗಿದೆ.